ಆಸಿಡ್, ರೆಟಿನಾಲ್ ಮತ್ತು ಯೆರಿನಳ ಕತ್ತು

ಹೆಸರು: ಮಾಂಗ್ ಓಕ್‌ಸಿಮ್. ವಯಸ್ಸು: 61 ವರ್ಷ. ಉದ್ಯೋಗ: ಸಾರ್ವಜನಿಕ ಸ್ನಾನಗೃಹದ ಹೆಂಗಸರ ವಿಭಾಗದಲ್ಲಿ ಮೈ ಉಜ್ಜುವ ಕೆಲಸ, 27 ವರ್ಷದಿಂದ. ವಾಸ: ಯೊಂಗ್‌ದೋ, ಬುಸಾನ್.

ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಉಜ್ಜುವ ಬಟ್ಟೆ ಒರಟಾಗಿತ್ತು, ಅದರಿಂದಲೇ ಕತ್ತಿನ ಚರ್ಮ ಕಿತ್ತುಬಂತು ಎಂದು ತಾಕ್ ಯೆರಿನ್ (29) ಎಂಬಾಕೆ ದೂರು ಕೊಟ್ಟಿರುತ್ತಾಳೆ. ಬಟ್ಟೆಯ ಮಾತು ಶುದ್ಧ ಸುಳ್ಳು. ಈ ದೂರಿನಿಂದ ಮಾಲೀಕರು ನಾಲ್ಕು ದಿನದಿಂದ ನನ್ನನ್ನು ಒಳಗೆ ಬಿಟ್ಟಿಲ್ಲ. ನನಗೆ ಬೇರೆ ಕೆಲಸ ಬರುವುದಿಲ್ಲ.

ದಿನಾಂಕ 9-3-2024ರ ಶನಿವಾರ ಬೆಳಿಗ್ಗೆ 9-40ಕ್ಕೆ ಆಕೆ ಬಂದು, 20 ನಿಮಿಷ ಬಿಸಿನೀರಿನ ತೊಟ್ಟಿಯಲ್ಲಿ ನೆನೆದು, 10-05ಕ್ಕೆ ನನ್ನ ಉಜ್ಜುವ ಮಂಚದ ಮೇಲೆ ಮಲಗಿದಳು. ಮೈಗೆ, ಮುಖಕ್ಕೆ ಏನು ಹಚ್ಚುತ್ತೀಯ ಎಂದು ಎಲ್ಲರನ್ನೂ ಕೇಳುವಂತೆ ಕೇಳಿದೆ. ಏನಿಲ್ಲ ಚಿಕ್ಕಮ್ಮ, ಬರೀ ಸೋಪು ಅಂದಳು. ಬೆನ್ನು, ತೋಳು, ಕಾಲು 35 ನಿಮಿಷ ಉಜ್ಜಿದೆ. ಅಲ್ಲೆಲ್ಲೂ ಒಂದು ಗೀರಿಲ್ಲ. ಅದೇ ಬಟ್ಟೆ, ಅದೇ ಕೈ. ಬೇಕಾದರೆ ನೋಡಿಕೊಂಡು ಬನ್ನಿ.

10-40ಕ್ಕೆ ಕತ್ತು ಮುಟ್ಟಿದೆ. ಈರುಳ್ಳಿ ಪೊರೆಯ ಹಾಗೆ ತೆಳ್ಳಗಿತ್ತು, ಬಿಸಿ ಬೇರೆ. ಏನೇ ಹುಡುಗಿ, ಯಾರ ಹತ್ರ ನಾಟಕ ಆಡ್ತೀಯ ಎಂದು ಗದರಿದ ಮೇಲೆ ಬಾಯಿಬಿಟ್ಟಳು. ಮರುದಿನ ಮಧ್ಯಾಹ್ನ ಹುಡುಗನ ಮನೆಯವರ ಜೊತೆ ಊಟ, ಮದುವೆ ಮಾತುಕತೆ. ಹೊಳಪು ಬರಲೆಂದು ಒಂಬತ್ತು ರಾತ್ರಿ ಬಿಡದೆ ಸತ್ತ ಚರ್ಮ ತೆಗೆಯುವ ಆಸಿಡ್ ಪ್ಯಾಡಿನಿಂದ ಒರೆಸಿ, ಮೇಲೆ ರೆಟಿನಾಲ್ ಕ್ರೀಮ್ ಬಳಿದಿದ್ದಳು, ಮುಖಕ್ಕೂ ಕತ್ತಿಗೂ. ಎರಡೂ ಒಳ್ಳೇದೇ ಅಲ್ವಾ ಚಿಕ್ಕಮ್ಮ ಅಂದಳು.

ಅಯ್ಯೋ ನಿನ್ನ, ಇದೇನು ಬಿಬಿಂಬಾಪ್ ಅನ್ನವಾ ಎಲ್ಲಾ ಒಟ್ಟಿಗೆ ಕಲಸೋಕೆ ಅಂದೆ. ಒಂದು ರಾತ್ರಿ ಅದು, ಇನ್ನೊಂದು ರಾತ್ರಿ ಇದು, ಮಧ್ಯೆ ಎರಡು ರಾತ್ರಿ ಬರೀ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್, ಉಜ್ಜಿಸಿಕೊಳ್ಳುವ ಮುಂಚೆ ಒಂದು ವಾರ ಎರಡನ್ನೂ ಮುಟ್ಟಬಾರದು ಎಂದು ಬಿಡಿಸಿ ಹೇಳಿದೆ. ಉರಿಯುವ ಚರ್ಮದ ಮೇಲೆ ನನ್ನ ಬಟ್ಟೆ ಆಡುವುದಿಲ್ಲ, ಎದ್ದು ಹೋಗು ಅಂದೆ.

ಆಕೆ ಏಳಲಿಲ್ಲ. ಹುಡುಗನ ತಾಯಿ ಫೋಟೋ ನೋಡಿಯೇ ಕತ್ತು ಕಪ್ಪು ಅಂದಿದ್ದಾರೆ, ಒಂದೇ ಒಂದು ಸಲ ಚಿಕ್ಕಮ್ಮ, ನಿನ್ನ ಕಾಲಿಗೆ ಬೀಳ್ತೀನಿ ಎಂದು ಅತ್ತಳು. ಮೈಮೇಲೆ ಬಟ್ಟೆಯಿಲ್ಲದೆ ಮಲಗಿ ಅಳುವ ಹುಡುಗಿಯನ್ನು ನೋಡಿ ಉಜ್ಜುವ ಬಟ್ಟೆಯನ್ನು ಮತ್ತೆ ಕೈಗೆತ್ತಿಕೊಂಡೆ. 10-48ಕ್ಕೆ ಕತ್ತಿನ ಎಡಗಡೆ ಮೂರು ಸಲ ಎಳೆದೆ. ಮೂರನೆಯದಕ್ಕೆ ರಕ್ತ ಜಿನುಗಿತು. ಕೂಡಲೇ ತಣ್ಣೀರು ಹೊಯ್ದೆ.

ಉಜ್ಜಿದರೆ ಆ ಚರ್ಮ ಕಿತ್ತುಬರುತ್ತದೆಂದು ಆಕೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಇದನ್ನು ಮಾಲೀಕರಿಗೆ ಈವರೆಗೆ ಹೇಳಿಲ್ಲ.

ಠಾಣೆಯ ಸಾಹೇಬರು ಬರೆದದ್ದನ್ನು ಓದಿ ಹೇಳಿದರು, ಕೇಳಿದೆ. ಮೂರು ಸಲ ಎಳೆದ ಮಾತಿನಿಂದ ನಿಮಗೇ ತೊಂದರೆ, ಯೋಚಿಸಿ ಎಂದು ಸಾಹೇಬರು ಹೇಳಿದರು. ಅದಿಲ್ಲದ ಕಾಗದಕ್ಕೆ ನಾನು ಸಹಿ ಹಾಕುವವಳಲ್ಲ ಎಂದು ತಿಳಿಸಿರುತ್ತೇನೆ. ಅದೂ ಸೇರಿ ಇಷ್ಟೂ ನಿಜ.

ಸ್ಥಳ: ಬುಸಾನ್
ದಿನಾಂಕ: 13-3-2024, ಬೆಳಿಗ್ಗೆ 11-15
ಸಹಿ: ಮಾಂಗ್ ಓಕ್‌ಸಿಮ್