ಹಿಂಡಿಯ ಲಾಭ

ಎಥೆನಾಲ್ ಕಾರ್ಖಾನೆಯ ಗೇಟಿನ ಮುಂದೆ ಕಾದು ಕಾದು ಲಾರಿ ಚಾಲಕನ ಪಿತ್ತ ನೆತ್ತಿಗೇರಿತ್ತು. ಆಗ ಮುಂದಿನ ಟ್ರ್ಯಾಕ್ಟರಿನಲ್ಲಿ ಮುಸುಕಿನ ಜೋಳ ತಂದಿದ್ದ ಅಕ್ಕ-ತಮ್ಮನ ಜಗಳ ಕಿವಿಗೆ ಬಿತ್ತು.

“ಜೋಳವೆಲ್ಲ ಇವರಿಗೇ ಸುರಿದ್ರೆ ನಿನ್ನ ಹಸುಗಳು ಏನು ತಿನ್ಬೇಕಕ್ಕಾ? ಮಾರ್ಬಿಡು ಅವನ್ನ.”

“ಇಂಧನಕ್ಕೆ ಬೇಕಾಗಿರೋದು ಕಾಳಿನ ಪಿಷ್ಟ ಮಾತ್ರ ಕಣೋ. ಉಳಿದ ಹಿಂಡಿ ನಾವೇ ಕೊಳ್ತೀವಲ್ಲ.”

“ನಮ್ಮ ಜೋಳದ ಚರಟ ನಮಗೇ ಮಾರ್ತಾರೆ, ನೀನು ಬೀಗ್ತೀಯ!”

“ಬೀಗ್ದೆ ಮತ್ತೆ? ಇಂಧನದ ದರ ಬಿದ್ದಾಗ ಇವರ ಒಲೆ ಆರದಂತೆ ಕಾದಿದ್ದು ಆ ಹಿಂಡಿಯ ಲಾಭವೇ. ಈ ಕಾರ್ಖಾನೆ ನಿಂತಿರೋದು ನಮ್ಮ ಹಸುಗಳ ಹೊಟ್ಟೆ ಮೇಲೆ!”

“ಹಾಗಾದ್ರೆ ಮಾರಲ್ವಾ?”

“ಇನ್ನೆರಡು ಹಸು ಕಟ್ತೀನಿ. ಟ್ರ್ಯಾಕ್ಟರ್ ಹತ್ತು, ಗೇಟು ತೆಗೆದ್ರು.”

ತಮ್ಮ ಹತ್ತಿದ. ಅಕ್ಕ ಸ್ಟಿಯರಿಂಗ್ ಹಿಡಿದು, ಮನೆಯೊಡತಿಯ ಹಾಗೆ ಹಾರ್ನ್ ಬಾರಿಸುತ್ತ ಒಳಗೆ ನುಗ್ಗಿದಳು.