ಕರೀ ರಿಬ್ಬನ್ನಿನ ತೋರಣ

ಮುಖ ತೊಳೆದು ಬಂದಮೇಲೆ ಅಜ್ಜಿಯ ಉಂಗುರದ ಬೆರಳು ತಾನಾಗಿ ಹಣೆಯ ನಡುವಿಗೆ ಹೋಗುತ್ತದೆ. ಅಲ್ಲಿ ಒಂದು ಗಳಿಗೆ ನಿಂತು, ದಾರಿ ತಪ್ಪಿದವರ ಹಾಗೆ, ಕಿವಿಯ ಹಿಂದಿನ ಕೂದಲು ಸರಿಮಾಡಿ ಇಳಿಯುತ್ತದೆ. ತಾತ ಹೋಗಿ ಎರಡು ವರ್ಷವಾದರೂ ಬೆರಳಿಗೆ ಇನ್ನೂ ಗೊತ್ತಿಲ್ಲ. ಜಯನಗರದ ನಮ್ಮ ಮನೆಯ ವರಾಂಡದಲ್ಲಿ ನಾನು ಕಾಲೇಜಿಗೆ ಹೊರಡಲು ಕುಂಕುಮದ ಭರಣಿ ತೆಗೆದಾಗ ಅದನ್ನು ಕಂಡೆ. ಕಂಡಿದ್ದು ಅಜ್ಜಿಗೂ ಗೊತ್ತಾಯಿತು.

"ಆ ಮುದುಕೀನೂ ಹಿಂಗೇ ಮಾಡ್ತಿದ್ಲು ಕಣೇ."

"ಯಾರಜ್ಜಿ?"

"ಅದೇ, ನಿಮ್ಮ ವಿಮಲತ್ತೆ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿದ್ನಲ್ಲ, ಅಲ್ಲಿ ಎದುರುಮನೆಯವಳು. ಅಮೆರಿಕ ಅಂದ್ರೆ ಆಕಾಶ ಮುಟ್ಟೋ ಬಿಲ್ಡಿಂಗು ಅಂದ್ಕೋಬೇಡ. ಪುಟ್ಟ ಊರು. ಇಲ್ಲಿನ ಶ್ರೀನಗರ ಬಡಾವಣೆಯಷ್ಟು, ಅಲ್ಲ, ಸ್ವಲ್ಪ ದೊಡ್ಡದೇ ಇದ್ದೀತು, ಆದ್ರೆ ಬೀದೀಲಿ ಒಂದು ನರಪಿಳ್ಳೆ ಇಲ್ಲ. ಸೊಪ್ಪಿನವಳ ಕೂಗಿಲ್ಲ, ನಾಯೀನೂ ಮನೆಯೊಳಗೇ. ಜನ ಒಳ್ಳೇವ್ರೇ. ಕಾರಿಂದ ಕೈ ಬೀಸ್ತಾರೆ, 'ಹೌ ಆರ್ ಯೂ' ಅಂತಾರೆ, ನಾನು ಬಾಯಿ ತೆರೆಯೋಷ್ಟ್ರಲ್ಲಿ ಹೋಗಿರ್ತಾರೆ. ಅಳಿಯ ಕೆಲಸಕ್ಕೆ, ವಿಮಲ ಮಗು ಇಬ್ರಿಗೂ ನಿದ್ದೆ, ನಾನು ಕಿಟಕಿ. ಹಿಮ ಬಿದ್ರೆ ಸದ್ದೇ ಇಲ್ಲ ಗೊತ್ತಾ, ಮಳೆಯಾದ್ರೆ ಮಾತಾಡುತ್ತೆ. ಒಂದಿನ ನೋಡ್ತೀನಿ, ಎದುರುಮನೆ ಬಾಗಿಲಿಗೆ ಎಲೆ ಹೂವು ಬಳೆ ತರ ಸುತ್ತಿ ಕಟ್ಟಿದಾರೆ, ರಿಬ್ಬನ್ನು ಬೇರೆ. ಬೀದಿ ತುಂಬ ಕಾರು. ಸೂಟು ಹಾಕಿದ ಜನ, ಕೈಲಿ ಮುಚ್ಚಿದ ಅಡುಗೆ ಪಾತ್ರೆ. ಓಹೋ, ತೋರಣ ಕಟ್ಟಿದಾರೆ, ಏನೋ ಶುಭಕಾರ್ಯ ಅಂದ್ಕೊಂಡೆ. ರಿಬ್ಬನ್ನು ಕರೀದು, ಹೌದು, ನೋಡ್ದೆ. ಅವರ ಮದುವೆಗೂ ಕರೀ ಸೂಟೇ ತಾನೇ? ಒಬ್ರೂ ಅಳ್ತಿರ್ಲಿಲ್ಲ ಕಣೇ. ಅಳು ಕೇಳಿಸ್ದೇ ಇರೋ ಸಾವು ನಂಗೆ ಹೆಂಗ್ ಗೊತ್ತಾಗ್ಬೇಕು? ಕೇಸರಿಬಾತ್ ಕೆದಕಿ, ಇದೇ ಭರಣಿ ತಗೊಂಡು, ಜನ ಹೋದ್ಮೇಲೆ ಹೋದೆ. ಬಾಗಿಲು ತೆಗೆದ್ಲು. ನಗ್ತಾ ಹಣೆಗೆ ಇಟ್ಟೇಬಿಟ್ಟೆ. ಆಮೇಲೆ ಒಳಗೆ ನೋಡ್ತೀನಿ, ಮೇಜಿನ ಮೇಲೆ ಗಂಡನ ಫೋಟೋ, ಸುತ್ತ ಬಿಳೀ ಹೂವು. ಭರಣಿ ಸೆರಗಲ್ಲಿ ಮುಚ್ಕೊಂಡು ಮನೆಗೆ ಓಡಿ ಬಂದೆ. ವಿಮಲ ಬೈದ್ಲು ನೋಡು! 'ಅಮ್ಮಾ, ಸಾವಿನ ಮನೆಗೆ ಕೇಸರಿಬಾತಾ!' ನಂಗೆ ಕೇಸರಿಬಾತಿನ ಯೋಚ್ನೆ ಅಲ್ಲ. ಇಲ್ಲಿ ನಿಮ್ಮ ತಾತಂಗೆ ಆಗ್ಲೇ ಎದೆನೋವು. ಗಂಡ ಹೋದೋಳಿಗೆ ಕುಂಕುಮ ಇಟ್ಟ ಕೈ, ನನ್ನ ಹಣೇಗೆ ಏನ್ ತರುತ್ತೋ! ಇನ್ನು ಅವಳ ಮುಖ ನೋಡ್ಬಾರ್ದು ಅಂದ್ಕೊಂಡೆ. ಮಾರನೇ ದಿನ ಅಲ್ಲಿ ಒಂದು ಕಾರೂ ಇಲ್ಲ. ಪಾತ್ರೆ ತಂದೋರೆಲ್ಲ ಕೈ ಬೀಸ್ಕೊಂಡು ಹೋಗೋರು. ನಮ್ಮ ಕದ ತಟ್ಟಿದ ಸದ್ದು. ಅವಳೇ. ಖಾಲಿ ಹಣೆ ಮೇಲೆ ಬೆರಳಿಟ್ಕೊಂಡು ನಿಂತಿದಾಳೆ. 'ಪ್ಲೀಸ್' ಅಂದ್ಲು, ಅಷ್ಟೇ. ಏನ್ಮಾಡ್ಲಿ ಹೇಳು? ಇಟ್ಟೆ. ದಿನಾ ಬಂದ್ಲು, ದಿನಾ ಹೆದರ್ಕೊಂಡೇ ಇಟ್ಟೆ. ನಾನು ಊರಿಗೆ ಹೊರಟಾಗ ಕಾರಿಂದ ತಿರುಗಿ ನೋಡಿದ್ರೆ, ಬಾಗ್ಲಲ್ಲಿ ನಿಂತು ಹಣೆ ಮುಟ್ಕೋತಿದ್ಲು. ನಿಮ್ಮ ತಾತ ಹೋದಾಗ ನಮ್ಮತ್ತಿಗೆ ಅಂದ್ರು, ಅದಕ್ಕೇ ಹಿಂಗಾಯ್ತು ಅಂತ. ಅಲ್ಲ ಬಿಡು. ಆದ್ರೆ ಕನ್ನಡಿ ಮುಂದೆ ನಿಂತ್ರೆ ಈಗ ನಾನು ಕಾಣಲ್ಲ ಕಣೇ, ಅವಳು ಕಾಣ್ತಾಳೆ. ಬೆರಳು ಅಲ್ಲೇ ಇಟ್ಕೊಂಡು. ಪಾತ್ರೆ ಯಾರು ಬೇಕಾದ್ರೂ ತರ್ತಾರೆ. ಮುಟ್ಟೋರು ಬೇಕು ಮನುಷ್ಯಂಗೆ, ಅಷ್ಟೇ."

ಅಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅಜ್ಜಿ ಆ ಕಡೆ ನೋಡಲಿಲ್ಲ. ನನ್ನ ಕೈಯ ಭರಣಿ ನೋಡಿ, ಮುಖ ಎತ್ತಿ, ಕಣ್ಣು ಮುಚ್ಚಿದಳು.

"ನಂಗೂ ಒಂದು ಚೂರು ಇಡ್ತೀಯೇನೇ?"