ಪುಸ್ತಕದಲ್ಲಿಲ್ಲದ ಕಂತು

ದೊಡ್ಡಮ್ಮನ ಬಾಯಿ ಮುಚ್ಚಿಸಿದ್ದು ತಪ್ಪು.

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಲೇಖಕರೇ, ಹೊಲಿಗೆ, ಕತ್ತರಿ, ಇಸ್ತ್ರಿ ವಿಭಾಗಗಳ ಅಕ್ಕತಂಗಿಯರೇ, ಕುರ್ಚಿ ಸಿಗದೆ ಹಿಂದೆ ನಿಂತಿರುವ ಅಣ್ಣಂದಿರೇ, ಸಭಿಕರೇ, ನಿಮಗೆ ಕೈ ಮುಗಿಯುವ ಮೊದಲೇ ಈ ಮಾತು ಹೇಳಿದ್ದಕ್ಕೆ ಕ್ಷಮಿಸಿ. ಮೊದಲು ಕೈ ಮುಗಿದಿದ್ದರೆ ಧೈರ್ಯವೂ ಅಲ್ಲೇ ಮುಗಿದುಹೋಗುತ್ತಿತ್ತು.

ಇವತ್ತು ನಮ್ಮ ಕಾರ್ಖಾನೆಯ ವಾರ್ಷಿಕೋತ್ಸವ. ರಾತ್ರಿ ಎಂಟು ಗಂಟೆಯ ಧಾರಾವಾಹಿ ಈಗ ಪುಸ್ತಕವಾಗಿದೆ, ಎಲ್ಲರಿಗೂ ಒಂದೊಂದು ಪ್ರತಿ ಉಡುಗೊರೆ. ಕಿವಿಯಲ್ಲಿ ಕೇಳುವುದಕ್ಕೆ ಧ್ವನಿರೂಪ ಬಂದಿದೆ. ಕ್ಯಾಲೆಂಡರ್ ಬಂದಿದೆ. ನಾಯಕಿ ತೊಡುವ ಉದ್ದ ತೋಳಿನ ಅಂಗಿಯಂತೂ ಅಂಗಡಿಗೆ ಹೋದಷ್ಟೇ ಬೇಗ ಖಾಲಿಯಾಗುತ್ತಿದೆ. ಅದನ್ನು ಹೊಲಿಯುವವರು ನಾವೇ. ಧಾರಾವಾಹಿಯ ಬಗ್ಗೆ ಎರಡು ಒಳ್ಳೆಯ ಮಾತಾಡು ಎಂದು ಮೇಲ್ವಿಚಾರಕರು ನನ್ನನ್ನು ಕರೆದರು. ಕಿರುಹೊತ್ತಿಗೆ ಓದುವ ಹುಡುಗಿ, ಮಾತು ಬರುತ್ತದೆ ಎಂದು ಅವರ ನಂಬಿಕೆ. ಆಡುತ್ತೇನೆ. ಯಾವುದು ಒಳ್ಳೆಯ ಮಾತು ಎನ್ನುವುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಹೊಂದಾಣಿಕೆ ಆಗಲಿಕ್ಕಿಲ್ಲ.

ದೊಡ್ಡಮ್ಮ ಯಾರೆಂದು ಅತಿಥಿಗಳಿಗೆ ತಿಳಿಯದು. ಗುಂಡಿ ಹಚ್ಚುವ ಮೇಜಿನ ಹಿರಿಯಳು, ನಮಗೆಲ್ಲರಿಗೂ ದೊಡ್ಡಮ್ಮ. ಮಂಡಿ ನೋವೆಂದು ಆಕೆಗೆ ಬೆಳಗಿನ ಪಾಳಿ ಕೊಟ್ಟರು. ನಮ್ಮದು ಮಧ್ಯಾಹ್ನದಿಂದ ರಾತ್ರಿಯವರೆಗಿನ ಪಾಳಿ. ಧಾರಾವಾಹಿ ಬರುವ ಹೊತ್ತಿಗೆ ನಾವು ಯಂತ್ರದ ಮುಂದೆ ಇರುತ್ತೇವೆ, ದೊಡ್ಡಮ್ಮ ಟಿ.ವಿ.ಯ ಮುಂದೆ ಇರುತ್ತಾಳೆ. ಮರುದಿನ ನಮ್ಮ ಚಹಾದ ಬಿಡುವಿನಲ್ಲಿ, ತನ್ನ ಪಾಳಿ ಮುಗಿಸಿ ಮನೆಗೆ ಹೊರಡುವ ಮೊದಲು, ಅವಳು ಹಿಂದಿನ ರಾತ್ರಿಯ ಕಂತನ್ನು ನಮಗೆ ಹೇಳುತ್ತಿದ್ದಳು. ಅತ್ತೆಯಾಗಿ ಗದರುತ್ತಿದ್ದಳು, ಗಂಡನಾಗಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು, ಜಾಹೀರಾತು ಬಂದಾಗ ಚಹಾ ಕುಡಿಯುತ್ತಿದ್ದಳು. ನಾಯಕಿಯನ್ನು ಅವಳು ಹೆಸರು ಹಿಡಿದು ಕರೆದವಳೇ ಅಲ್ಲ. ‘ನಮ್ಮ ಹುಡುಗಿ’ ಎನ್ನುತ್ತಿದ್ದಳು.

ಸಭಿಕರೇ, ಆಗ ನಾನು ಆ ಮೇಜಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಧಾರಾವಾಹಿ ಎಂದರೆ ಜನರನ್ನು ಮಲಗಿಸುವ ಮದ್ದು ಎಂದು ಓದಿದ್ದೆ, ಓದಿದ್ದನ್ನು ಗಟ್ಟಿಯಾಗಿ ಹೇಳಿಯೂ ಇದ್ದೆ. ನನ್ನ ಅಕ್ಕ ಮಾತ್ರ ಒಂದು ದಿನವೂ ತಪ್ಪಿಸಿದವಳಲ್ಲ. ಅವಳೂ ಇದೇ ಕಾರ್ಖಾನೆಯಲ್ಲಿ ತೋಳು ಜೋಡಿಸುತ್ತಾಳೆ. ಅವಳ ಮದುವೆಯ ವಿಷಯ ಈ ವೇದಿಕೆಗೆ ಬೇಡ. ಒಂದನ್ನು ಹೇಳಬೇಡ ಎಂದಿದ್ದಾಳೆ, ಹೇಳುವುದಿಲ್ಲ. ಇಷ್ಟು ಹೇಳುತ್ತೇನೆ: ಉದ್ದ ತೋಳಿನ ಅಂಗಿ ಅಂಗಡಿಗೆ ಬರುವುದಕ್ಕೆ ಎಷ್ಟೋ ಮೊದಲೇ, ಸುಡುವ ಬಿಸಿಲಿನಲ್ಲೂ, ಅಕ್ಕ ಮಣಿಕಟ್ಟಿನ ತನಕ ಗುಂಡಿ ಹಾಕಿಕೊಂಡು ಬರುತ್ತಿದ್ದಳು.

ಅವಳಿಗೆ ನಾನು ಎಷ್ಟೊಂದು ಕಿರುಹೊತ್ತಿಗೆ ಕೊಟ್ಟೆ. ಮಹಿಳೆ ಮತ್ತು ದುಡಿಮೆ, ಮಹಿಳೆ ಮತ್ತು ಕಾನೂನು, ಮಹಿಳೆ ಮತ್ತು ಮೌನ. ಒಮ್ಮೆ ಅವಳ ಅಡುಗೆಮನೆಗೆ ಹೋದಾಗ ನೋಡುತ್ತೇನೆ, ಮೌನದ ಮೇಲೆ ಎಣ್ಣೆಯ ಡಬ್ಬಿ ಕೂತಿದೆ. ಕೇಳಿದರೆ, “ಕಾಗದ ದಪ್ಪ ಇದೆ ಕಣೇ, ಜಿಡ್ಡು ಕೆಳಗಿಳಿಯಲ್ಲ” ಎಂದಳು. ನೀವು ನಗುತ್ತೀರಿ. ನನಗೆ ಆ ದಿನ ನಗು ಬರಲಿಲ್ಲ.

ಧಾರಾವಾಹಿಯಲ್ಲಿ ಗಂಡ ನಮ್ಮ ಹುಡುಗಿಯ ಮೇಲೆ ಕೈಯೆತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು, ದೊಡ್ಡಮ್ಮ ಹೇಳಿದ ಕಂತು ಅಲ್ಲಿಗೆ ಮುಗಿಯಿತು. ಮರುದಿನ ಇಡೀ ವಿಭಾಗ ಚಹಾಕ್ಕೆ ಕಾದಿತ್ತು. ದೊಡ್ಡಮ್ಮ ಬಂದು ಕೂತಳು. ಅವತ್ತು ನಾನೂ ಕಂಬದ ಮರೆಯಲ್ಲಿ ನಿಂತಿದ್ದೆ. ಅವಳು ಹೇಳಿದಳು: “ಆ ಕೈ ಇಳಿಯೋ ಹೊತ್ತಿಗೆ ನಮ್ಮ ಹುಡುಗಿ ಅಲ್ಲಿರಲಿಲ್ಲ. ಚೀಲ ತಗೊಂಡ್ಳು, ಚಪ್ಪಲಿ ಹಾಕ್ಕೊಂಡ್ಳು, ಬಾಗಿಲು ತೆರೆದೇ ಬಿಟ್ಟು ಹೋದ್ಳು. ಯಾಕೆ ಮುಚ್ಬೇಕು, ಅವಳ ಮನೇನಾ ಅದು?”

ಮುಂದಿನ ವಾರ ಅಕ್ಕ ಒಂದು ಚೀಲ ಹಿಡಿದು ನನ್ನ ಕೋಣೆಗೆ ಬಂದಳು. ಏನು ಕೇಳಬೇಕೆಂದು ತೋಚದೆ, ಬಾಗಿಲು ಹಾಕಿ ಬಂದೆಯಾ ಎಂದು ಕೇಳಿದೆ. ಇಲ್ಲ ಎಂದಳು.

ಸಭಿಕರೇ, ಹೊರಟು ಬಾ ಎಂದು ನಾನು ವರ್ಷಗಟ್ಟಲೆ ಹೇಳಿದ್ದೆ. ಸರಿಯಾದದ್ದನ್ನೇ ಹೇಳಿದ್ದೆ. ಆದರೆ ನನ್ನ ಮಾತಿನಲ್ಲಿ ಚಪ್ಪಲಿ ಇರಲಿಲ್ಲ.

ಆಮೇಲೆ ಈ ಪುಸ್ತಕ ಬಂತು. ಭಾವ ಒಂದು ಪ್ರತಿ ಕೊಂಡು ನಮ್ಮ ಗೇಟಿನ ಹತ್ತಿರ ಬಂದು, ಎಲ್ಲರೆದುರು ಕೊನೆಯ ಪುಟ ಓದಿದರು. ಪುಸ್ತಕದಲ್ಲಿ ನಮ್ಮ ಹುಡುಗಿ ಮನೆ ಬಿಟ್ಟೇ ಇಲ್ಲ. ಗಂಡನ ಕಾಲು ಹಿಡಿದು ಕ್ಷಮೆ ಕೇಳುತ್ತಾಳೆ. “ನಿನ್ನ ಹೀರೋಯಿನ್ನೇ ತಪ್ಪಾಯ್ತು ಅಂದಿದಾಳೆ, ನಿಂದೇನು ದೊಡ್ಡಸ್ತಿಕೆ?” ಎಂದು ಅಕ್ಕನನ್ನು ಕೇಳಿದರು ಭಾವ. ಹಾಗೇ ಒಳಗೆ ಹೋಗಿ, ನಿಮ್ಮ ಕಾರ್ಖಾನೆಯಲ್ಲಿ ತಪ್ಪು ಕಥೆ ಹೇಳಿ ಸಂಸಾರ ಒಡೆಯುತ್ತಿದ್ದಾರೆ ಎಂದು ದೂರು ಕೊಟ್ಟರು. ಮರುದಿನವೇ ಚಹಾದ ಕಟ್ಟೆಯ ಮೇಲೆ ಪುಸ್ತಕದ ಧ್ವನಿರೂಪ ಕೇಳಿಸುವ ಸ್ಪೀಕರ್ ಬಂದು ಕೂತಿತು, ದೊಡ್ಡಮ್ಮ ಹಿಂಬದಿಯ ಪಾರ್ಸೆಲ್ ಕೋಣೆಗೆ ಹೋದಳು. ಕಥೆ ಹೇಳಕೂಡದು ಎಂದು ಆಜ್ಞೆ. ಪುಸ್ತಕದಲ್ಲಿರುವುದೇ ನಿಜವಂತೆ. ಕಟ್ಟುಕಥೆಯಲ್ಲಿ ಯಾವುದು ನಿಜ, ಯಾವುದು ಸುಳ್ಳು, ಅಧ್ಯಕ್ಷರೇ?

ಅಕ್ಕ ನೇರವಾಗಿ ಪಾರ್ಸೆಲ್ ಕೋಣೆಗೆ ಹೋದಳು, ಬೆನ್ನಿಗೆ ನಾನು. ನೀನು ಹೇಳಿದ್ದು ಸುಳ್ಳಾ ಎಂದು ಕೇಳಿದಳು. ದೊಡ್ಡಮ್ಮ ತಲೆ ತಗ್ಗಿಸಿ, “ಆ ಕೈ ಇಳಿಯೋ ರಾತ್ರಿ ಕರೆಂಟ್ ಹೋಗಿತ್ತು ಕಣವ್ವಾ. ನಾನು ನೋಡ್ಲೇ ಇಲ್ಲ. ನೀವೆಲ್ಲ ಬಾಯಿ ತೆರೆದು ಕೂತಿದ್ರಿ, ಏನಂತ ಹೇಳ್ಲಿ? ನಾನಾಗಿದ್ರೆ ಏನ್ ಮಾಡ್ತಿದ್ದೆನೋ ಅದನ್ನೇ ಹೇಳ್ಬಿಟ್ಟೆ” ಎಂದಳು. ಒಮ್ಮೆ ಹೊರಟವಳನ್ನು ವಾಪಸ್ ಕರೆತರಲು ಮನಸ್ಸಾಗದೆ, ಅಲ್ಲಿಂದ ಮುಂದಿನದೆಲ್ಲ ಅವಳ ಕಥೆಯೇ. ನಮ್ಮ ನಮ್ಮ ಮನೆಯವರು ಬೇರೆ ಕಥೆ ಹೇಳಿದಾಗ, ಇವರಿಗೆ ಟಿ.ವಿ. ನೋಡುವುದಕ್ಕೂ ಬರುವುದಿಲ್ಲ ಎಂದು ನಾವೇ ನಕ್ಕಿದ್ದೆವು.

ಅಕ್ಕ ಸಿಟ್ಟಾಗುತ್ತಾಳೆ ಎಂದುಕೊಂಡೆ. ಅವಳು ಬಹಳ ಹೊತ್ತು ಪಾರ್ಸೆಲ್ಲಿನ ದಾರ ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೊನೆಗೆ, “ಹಾಗಾದ್ರೆ ಅವಳು ಈಗ ಎಲ್ಲಿದಾಳೆ? ಮುಂದೇನಾಯ್ತು ಹೇಳು. ಅದು ಗೊತ್ತಾಗೋ ತನಕ ನಾನು ಎಲ್ಲಿಗೂ ಹೋಗಲ್ಲ” ಎಂದಳು. ದೊಡ್ಡಮ್ಮ ಬಾಗಿಲ ಕಡೆ ನೋಡಿದಳು. ಅಲ್ಲಿ ಮೇಲ್ವಿಚಾರಕರು ನಿಂತಿದ್ದರು.

ಲೇಖಕರೇ, ನಿಮ್ಮ ಮೇಲೆ ನನಗೆ ಕೋಪವಿಲ್ಲ. ಕೊನೆಯ ಪುಟ ಮೇಲಿನಿಂದ ಬಂತು, ನಾನು ಬರೆದುಕೊಟ್ಟೆ ಎಂದು ಈಗಷ್ಟೇ ತಮಾಷೆಯಾಗಿ ಹೇಳಿದಿರಿ. ನಮಗೂ ಮಾದರಿ ಮೇಲಿನಿಂದಲೇ ಬರುತ್ತದೆ, ಹೊಲಿದುಕೊಡುತ್ತೇವೆ. ಆದರೆ ತೋಳು ಬಿಗಿಯಾದರೆ ಹೇಳುತ್ತೇವೆ. ನೀವೂ ಹೇಳಬಹುದಿತ್ತು.

ಈ ಭಾನುವಾರ ಸಂಜೆ ಐದು ಗಂಟೆಗೆ ಭಾವ ಹಿರಿಯರನ್ನು ಕಟ್ಟಿಕೊಂಡು, ಪುಸ್ತಕ ಹಿಡಿದುಕೊಂಡು, ಅಕ್ಕನನ್ನು ಕರೆದೊಯ್ಯಲು ಬರುತ್ತಾರೆ. ಭಾನುವಾರ ಕಾರ್ಖಾನೆಯ ಆಜ್ಞೆ ನಡೆಯುವುದಿಲ್ಲ. ಆದ್ದರಿಂದ ನಾಲ್ಕು ಗಂಟೆಗೆ, ಸೈಕಲ್ ಅಂಗಡಿಯ ಮೇಲಿನ ನನ್ನ ಕೋಣೆಯ ಮೆಟ್ಟಿಲ ಮೇಲೆ, ದೊಡ್ಡಮ್ಮ ಮುಂದಿನ ಕಂತು ಶುರುಮಾಡುತ್ತಾಳೆ. ಲೇಖಕರೂ ಬರಬೇಕು. ಮೆಟ್ಟಿಲು ಇಕ್ಕಟ್ಟು. ನೀವೆಲ್ಲ ಬಂದು ಕೂತರೆ ಮೇಲೆ ಹೋಗುವವರಿಗೆ ದಾರಿ ಇರುವುದಿಲ್ಲ, ಕಥೆ ಮುಗಿಯುವ ತನಕ ಕೆಳಗೇ ಕಾಯಬೇಕು. ದೊಡ್ಡಮ್ಮನ ಕಥೆ ಬೇಗ ಮುಗಿಯುವುದಿಲ್ಲ ಎಂದು ನಿಮಗೆ ಗೊತ್ತೇ ಇದೆ.

ಕರೆದ ಮೇಲ್ವಿಚಾರಕರಿಗೆ, ಇಷ್ಟು ಹೊತ್ತು ಮೈಕು ಆರಿಸದ ಅಣ್ಣನಿಗೆ, ಕೇಳಿದ ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಮೊದಲು ಮಾಡದೆ ಉಳಿಸಿಕೊಂಡದ್ದನ್ನು ಈಗ ಮಾಡುತ್ತೇನೆ, ನಮಸ್ಕಾರ. ಭಾನುವಾರ, ನಾಲ್ಕು ಗಂಟೆ.